ಕಷ್ಟದಲ್ಲಿರುವವರಿಗೆ ‘ನಿಮಗಾಗಿ ಪ್ರಾರ್ಥಿಸುತ್ತೇನೆ’ ಎಂದರೆ ಕ್ರೈಸ್ತರ ಕರ್ತವ್ಯ ಮುಗಿಯಿತೇ?

ಇಲ್ಲ. ಬೈಬಲಿನಲ್ಲಿ ಯಾಕೋಬ ಬರೆದ ಪತ್ರದ (ಯಾಕೋಬನ ಪತ್ರಿಕೆ) 2ನೇ ಅಧ್ಯಾಯದಲ್ಲೇ ಇದಕ್ಕೆ ನೇರ ಉತ್ತರವಿದೆ: ಬಟ್ಟೆಯಿಲ್ಲದೆ, ಅಂದಿನ ಊಟಕ್ಕೂ ಗತಿಯಿಲ್ಲದೆ ನಿಂತವರಿಗೆ ಬೆಚ್ಚಗಿರಿ, ಹೊಟ್ಟೆತುಂಬ ಉಣ್ಣಿ ಎಂದು ಹರಸಿ ಬರಿಗೈಯಲ್ಲಿ ಕಳಿಸಿದರೆ ಏನು ಪ್ರಯೋಜನ ಅಂತ ಆತ ಕೇಳುತ್ತಾನೆ. ಪ್ರಾರ್ಥನೆ ಬೇಡ ಅಂತಲ್ಲ, ಅದು ಕೈಕಟ್ಟಿ ಕೂರಲು ನೆಪವಾಗಬಾರದು.

ಹಾಗಂತ ಬಾಯಿಗೆ ಬಂದ ಸಮಾಧಾನ ಹೇಳುವುದೂ ನೆರವಲ್ಲ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡು ಬೂದಿಯಲ್ಲಿ ಕೂತ ಬೈಬಲಿನ ಯೋಬನನ್ನು ನೋಡಲು ಮೂವರು ಗೆಳೆಯರು ಬಂದರು. ಏಳು ದಿನ, ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕೂತರು, ತುಟಿ ಬಿಚ್ಚಲಿಲ್ಲ. ನನ್ನ ಮಟ್ಟಿಗೆ ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಆಮೇಲೆ ‘ನೀನೇನೋ ಪಾಪ ಮಾಡಿರಬೇಕು’ ಎಂದು ಶುರುಹಚ್ಚಿದರು. ಕೊನೆಗೆ ದೇವರು ಸಿಟ್ಟಾದದ್ದು ಆ ಮೂವರ ಮೇಲೆಯೇ. ಸಾವಿನ ಮನೆಯಲ್ಲಿ ‘ಎಲ್ಲ ದೇವರ ಚಿತ್ತ’ ಎನ್ನುವ ನಮ್ಮ ಸಭೆಯ (ಚರ್ಚಿನ) ಹಿರಿಯರೂ ಇದನ್ನೊಮ್ಮೆ ಓದಬೇಕು! ಸತ್ತ ಗೆಳೆಯ ಲಾಜರನನ್ನು ಬದುಕಿಸಿ ಎಬ್ಬಿಸಲಿದ್ದರೂ ಯೇಸುಸ್ವಾಮಿ ಮೊದಲು ಅವನ ತಂಗಿ-ಅಕ್ಕಂದಿರ ದುಃಖ ಕಂಡು ಕಣ್ಣೀರಿಟ್ಟರು.

ಲೂಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಯೇಸು ಹೇಳಿದ ಕಥೆಯ ಸಮಾರ್ಯ ನಾಡಿನವನೂ, ಕಳ್ಳರಿಂದ ಪೆಟ್ಟು ತಿಂದು ದಾರಿಯಲ್ಲಿ ಬಿದ್ದವನಿಗೆ ಉಪದೇಶ ಮಾಡಲಿಲ್ಲ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿದ, ಛತ್ರದವನ ಕೈಗೆ 2 ದಿನದ ಕೂಲಿಯಷ್ಟು ಹಣ ಕೊಟ್ಟು ‘ಹೆಚ್ಚು ಖರ್ಚಾದರೆ ವಾಪಸ್ ಬಂದಾಗ ಕೊಡುತ್ತೇನೆ’ ಎಂದ. ನಮ್ಮಲ್ಲಿ ಕಡಿಮೆಯಿರುವುದು ಈ ವಾಪಸ್ ಬರುವುದೇ. ಸಮಾಧಿಯಾದ ವಾರ ಮನೆ ತುಂಬ ಜನ, ಮಕ್ಕಳ ಫೀಸು ಕಟ್ಟುವ ಹೊತ್ತಿಗೆ ಒಬ್ಬರೂ ಇಲ್ಲ. ಆಗ ಹೋಗಿ. ‘ಏನಾದರೂ ಬೇಕಿದ್ದರೆ ಹೇಳಿ’ ಅಂದರೆ ಯಾರೂ ಹೇಳುವುದಿಲ್ಲ. ಅಕ್ಕಿ-ಬೇಳೆ ತಂದಿಡಿ, ವಿಧವಾ ವೇತನದ ಅರ್ಜಿ ತುಂಬಿಕೊಟ್ಟು ನಾಡಕಚೇರಿಗೆ ಜೊತೆಗೆ ಹೋಗಿಬನ್ನಿ.