ಕಾಲೇಜಿಗೂ ಕೆಲಸಕ್ಕೂ ಮಕ್ಕಳನ್ನು ತಯಾರು ಮಾಡುವುದು ಹೇಗೆ?

ಹದಿನಾರು, ಹದಿನೇಳರ ಮಕ್ಕಳಿಗೆ ಮೊದಲು ಯಾವ ಕೌಶಲ ಕಲಿಸಬೇಕು ಅಂತ ಕೇಳಿದ್ದೀರಿ. ಕೋಡಿಂಗ್ ಅಂತ ಹೇಳುತ್ತೇನೆ ಅಂದುಕೊಂಡಿದ್ದರೆ, ಇಲ್ಲ. ನನ್ನ ಪ್ರಕಾರ ಮೊದಲು ಬೇಕಾದದ್ದು, ತಾನಾಗಿ ಓದಿ ಕಲಿಯುವುದು.

ಶಾಲೆಯಲ್ಲಿ ಏನು ಓದಬೇಕು, ಯಾವಾಗ ಓದಬೇಕು ಎಂದು ಯಾರೋ ಹೇಳುತ್ತಿರುತ್ತಾರೆ. ಕಾಲೇಜಿನಲ್ಲಿ ಅದು ಕಡಿಮೆ, ಕೆಲಸದಲ್ಲಿ ಇನ್ನೂ ಕಡಿಮೆ. ಹೆಚ್ಚಿನವರು ಪುಟಕ್ಕೆಲ್ಲ ಹೈಲೈಟರ್ ಬಳಿದು ಅದನ್ನೇ ಮತ್ತೆ ಮತ್ತೆ ಓದುತ್ತಾರೆ. ತಲೆಗೆ ಹೋಯಿತು ಅನ್ನಿಸುತ್ತದೆ, ಅಷ್ಟೇ. 2006ರಲ್ಲಿ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕಿ ಪ್ರಕಟಿಸಿದ ಪ್ರಯೋಗದಲ್ಲಿ, ಕಲಿತು 5 ನಿಮಿಷಕ್ಕೆ ಪರೀಕ್ಷೆ ಕೊಟ್ಟಾಗ, ಪಾಠವನ್ನು ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಕಳೆದ ಮೇಲೆ ನೋಡಿದರೆ, ಪಾಠ ಮುಚ್ಚಿಟ್ಟು ನೆನಪಿನಿಂದ ಬರೆದವರಿಗೇ ಜಾಸ್ತಿ ನೆನಪಿತ್ತು. ಹಾಗಾಗಿ ಪುಸ್ತಕ ಮುಚ್ಚಿಸಿ, ಖಾಲಿ ಹಾಳೆ ಕೊಡಿ. ಎರಡು ದಿನ ಬಿಟ್ಟು ಇನ್ನೊಮ್ಮೆ.

ಎರಡನೆಯದು, ಸಹಾಯ ಕೇಳುವುದು. "ಅರ್ಥ ಆಗಲಿಲ್ಲ" ಅಂದರೆ ಸಾಲದು. "ಇಲ್ಲಿಯವರೆಗೆ ಮಾಡಿದೆ, ಇಲ್ಲಿ ಸಿಕ್ಕಿಹಾಕಿಕೊಂಡೆ" ಎನ್ನಲು ಬರಬೇಕು. ಇದನ್ನು ಯಾರೂ ಕಲಿಸುವುದೇ ಇಲ್ಲ, ವಿಚಿತ್ರ ಅಲ್ವಾ? ಫಾರ್ಮ್ ತುಂಬುವುದು, ಫೋನ್ ಮಾಡಿ ವಿಚಾರಿಸುವುದು ಎಲ್ಲ ಅವರೇ ಮಾಡಲಿ. ನೀವು ಸುಮ್ನೆ ಪಕ್ಕದಲ್ಲಿರಿ.

ರೆಸ್ಯೂಮೆ, ಸಂದರ್ಶನ ಎಲ್ಲ ಆಮೇಲೆ. ಅವು ಕೆಲವೇ ವಾರಗಳಲ್ಲಿ ಕಲಿಯುವಂಥವು.