ಲಂಡನ್–ನ್ಯೂಯಾರ್ಕ್: ದೂರ ಒಂದೇ ಇದ್ದರೂ ಸಮಯ ಎರಡಾಗುವುದು ಏಕೆ?

ಲಂಡನ್‌ನಿಂದ ನ್ಯೂಯಾರ್ಕ್‌ಗೆ 5,570 ಕಿಲೋಮೀಟರ್, ವಿಮಾನದ ವೇಗ ಗಂಟೆಗೆ 900 ಎಂದು ಭಾಗಿಸಿದರೆ ಆರು ಗಂಟೆ ಹನ್ನೊಂದು ನಿಮಿಷ. ಟಿಕೆಟ್‌ನಲ್ಲಿ ಮಾತ್ರ ಹೋಗಲು ಎಂಟು ಗಂಟೆ, ಬರಲು ಏಳು ಎಂದಿದೆ, ತಪ್ಪು ಎಲ್ಲಿದೆ ಎಂದು ಕೇಳಿದ್ದೀರಿ. ನಿಮ್ಮ ಲೆಕ್ಕ ಸರಿಯಾಗಿಯೇ ಇದೆ. ಅದರಲ್ಲಿ ಗಾಳಿಯೂ, ವಿಮಾನ ನೆಲದ ಮೇಲೆ ಕಳೆಯುವ ಸಮಯವೂ ಸೇರಿಲ್ಲ, ಅಷ್ಟೇ.

ಮೊದಲು ದೂರ. 30 ಸೆಂಟಿಮೀಟರ್ ವ್ಯಾಸದ ಗ್ಲೋಬ್ ಸಿಕ್ಕರೆ ಎರಡು ನಗರಗಳ ನಡುವೆ ಒಂದು ದಾರವನ್ನು ಬಿಗಿಯಾಗಿ ಎಳೆಯಿರಿ. ಅದು ತಾನಾಗಿಯೇ ಐರ್ಲೆಂಡ್ ದಾಟಿ, ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಮೇಲಿನಿಂದ ಕೆಳಗಿಳಿಯುತ್ತದೆ. ದಾರವನ್ನು ಅಳತೆಪಟ್ಟಿಯ ಮೇಲಿಟ್ಟರೆ 13 ಸೆಂಟಿಮೀಟರ್‌ಗಿಂತ ಕೂದಲೆಳೆಯಷ್ಟು ಹೆಚ್ಚು. ಗ್ಲೋಬಿನ ಸುತ್ತಳತೆ 94 ಸೆಂಟಿಮೀಟರ್, ಭೂಮಿಯದು ಸುಮಾರು 40,000 ಕಿಲೋಮೀಟರ್. ಅಂದರೆ ಸೆಂಟಿಮೀಟರ್‌ಗೆ 425 ಕಿಲೋಮೀಟರ್. ಗುಣಿಸಿ ನೋಡಿ, ನಿಮ್ಮ ಸಂಖ್ಯೆಯೇ ಬರುತ್ತದೆ. ಚಪ್ಪಟೆ ನಕ್ಷೆಯಲ್ಲಿ ಬಿಲ್ಲಿನಂತೆ ಬಾಗಿ ಕಾಣುವ ಗೆರೆಯೂ ಈ ನೇರ ದಾರವೇ. ಒಮ್ಮೆ ಕೈಯಾರೆ ಮಾಡಿ ನೋಡಿದರೆ ಆ ಗೆರೆ ಏಕೆ ಬಾಗಿದೆ ಎಂಬ ಸಂಶಯ ಮತ್ತೆ ಬರುವುದಿಲ್ಲ.

ಇನ್ನು ಗಾಳಿ. 9ರಿಂದ 12 ಕಿಲೋಮೀಟರ್ ಎತ್ತರದಲ್ಲಿ, ಅಂದರೆ ವಿಮಾನಗಳು ಹಾರುವ ಎತ್ತರದಲ್ಲೇ, ಜೆಟ್ ಸ್ಟ್ರೀಮ್ ಎಂಬ ರಭಸದ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ನದಿಯಂತೆ ಹರಿಯುತ್ತದೆ. ಚಳಿಗಾಲದಲ್ಲಿ ಅದರ ರಭಸ ಹೆಚ್ಚು. ಪಶ್ಚಿಮದ ನ್ಯೂಯಾರ್ಕ್‌ಗೆ ಹೋಗುವಾಗ ಗಂಟೆಗೆ 120 ಕಿಲೋಮೀಟರ್ ಎದುರುಗಾಳಿ ಎಂದುಕೊಳ್ಳಿ: ನೆಲದ ಲೆಕ್ಕದಲ್ಲಿ ವೇಗ 780ಕ್ಕೆ ಇಳಿದು, ಏಳು ಗಂಟೆ ಎಂಟು ನಿಮಿಷ ಬೇಕಾಗುತ್ತದೆ. ಮರಳುವಾಗ ಅದೇ ಗಾಳಿ ಬೆನ್ನಿಗಿದ್ದರೆ ವೇಗ 1,020, ಸಮಯ ಐದು ಗಂಟೆ ಇಪ್ಪತ್ತೆಂಟು ನಿಮಿಷ. ಎರಡನ್ನೂ ಕೂಡಿಸಿದರೆ ಗಾಳಿಯಿಲ್ಲದ ದಿನಕ್ಕಿಂತ ಹದಿನಾಲ್ಕು ನಿಮಿಷ ಹೆಚ್ಚೇ ಆಗುತ್ತದೆ. ಹೋಗುವಾಗ ಕಳೆದುಕೊಂಡದ್ದನ್ನು ಗಾಳಿ ಬರುವಾಗ ಪೂರ್ತಿ ತೀರಿಸುವುದಿಲ್ಲ. ಬಹಳ ಮಂದಿ ಎಡವುವುದು ಇಲ್ಲಿಯೇ. 2020ರ ಫೆಬ್ರವರಿಯ ಬಿರುಗಾಳಿಯಲ್ಲಿ ಪ್ರಯಾಣಿಕ ವಿಮಾನವೊಂದು ನ್ಯೂಯಾರ್ಕ್‌ನಿಂದ ಲಂಡನ್‌ಗೆ ಐದು ಗಂಟೆಯೊಳಗೇ, 4 ಗಂಟೆ 56 ನಿಮಿಷದಲ್ಲಿ, ಬಂದಿಳಿದಿತ್ತು. ಅಟ್ಲಾಂಟಿಕ್ ಮೇಲಿನ ಮುಖ್ಯ ಮಾರ್ಗಗಳನ್ನು ಗಾಳಿ ನೋಡಿಯೇ ಪ್ರತಿದಿನ ಹೊಸದಾಗಿ ಗುರುತಿಸುತ್ತಾರೆ. ಆದ್ದರಿಂದ ವಿಮಾನ ನಿಮ್ಮ ದಾರದ ಮೇಲೆಯೇ ಹಾರುತ್ತದೆ ಎಂದು ನಂಬಿ ಕೂರಬೇಡಿ.

ಟಿಕೆಟ್‌ನ ಸಮಯದಲ್ಲಿ ರನ್‌ವೇವರೆಗೆ ಹೋಗುವುದು, ಸರದಿಗೆ ಕಾಯುವುದು, ಇಳಿದ ಮೇಲೆ ನಿಲುಗಡೆ ತಲುಪುವುದು ಎಲ್ಲವೂ ಸೇರಿರುತ್ತದೆ. ಇದಕ್ಕೆ ಅರ್ಧ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ.

ಟಿಕೆಟ್ ಓದುವಾಗ ಇನ್ನೊಂದು ಎಚ್ಚರಿಕೆ: ಹೊರಡುವ, ತಲುಪುವ ಸಮಯಗಳು ಆಯಾ ಊರಿನ ಗಡಿಯಾರದವು. ಲಂಡನ್ ಐದು ಗಂಟೆ ಮುಂದೆ. ಬೆಳಿಗ್ಗೆ 11ಕ್ಕೆ ಹೊರಟು ಮಧ್ಯಾಹ್ನ 2ಕ್ಕೆ ತಲುಪುವ ವಿಮಾನ ಹಾರುವುದು ಮೂರು ಗಂಟೆಯಲ್ಲ, ಎಂಟು. ಅಮೆರಿಕ ಮಾರ್ಚ್‌ನ ಎರಡನೆಯ ಭಾನುವಾರ ಬೇಸಿಗೆಗಾಗಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತದೆ, ಬ್ರಿಟನ್ ಕೊನೆಯ ಭಾನುವಾರ. ನಡುವಿನ ಆ ವಾರಗಳಲ್ಲಿ ಅಂತರ ನಾಲ್ಕೇ ಗಂಟೆ. ಮುಂದಿನ ವಿಮಾನ ಹಿಡಿಯಬೇಕಾದವರು ದಯವಿಟ್ಟು ಇದನ್ನು ನೋಡಿಕೊಳ್ಳಿ.

ಬೇರೆ ನಗರಗಳಿಗೂ ಇದೇ ವಿಧಾನ ನಡೆಯುತ್ತದೆ. ಆದರೆ ದಾರ ಎಳೆದ ಮೇಲೆ ಅದು ಯಾವ ದೇಶಗಳ ಮೇಲೆ ಬಿದ್ದಿದೆ ಎಂದು ನೋಡಿ. ಫಿನ್‌ಲೆಂಡ್‌ನ ಹೆಲ್ಸಿಂಕಿಯಿಂದ ಟೋಕಿಯೊಗೆ ಎಳೆದ ದಾರ ರಷ್ಯಾದ ಮೇಲೆ ಹಾಯುತ್ತದೆ; 2022ರಲ್ಲಿ ಆ ಆಕಾಶ ಯುರೋಪಿನ ವಿಮಾನಗಳಿಗೆ ಮುಚ್ಚಿದ ಮೇಲೆ ಒಂಬತ್ತೂವರೆ ಗಂಟೆಯ ಹಾರಾಟ ಸುಮಾರು ಹದಿಮೂರು ಗಂಟೆಯಾಯಿತು.