ಓದುಗರ ಪ್ರಶ್ನೆ, ನಮ್ಮ ಉತ್ತರ: ಎಲ್ಲ ಮಕ್ಕಳಿಗೂ ಒಗ್ಗುವ ಕೋಡಿಂಗ್ ಪಾಠ

ಪ್ರಶ್ನೆ: ಎಂಟನೇ ತರಗತಿಗೆ ಸ್ಕ್ರ್ಯಾಚ್ (ಬ್ಲಾಕ್ ಜೋಡಿಸಿ ಕಂಪ್ಯೂಟರಿಗೆ ಆಜ್ಞೆ ಕೊಡುವ ಕೋಡಿಂಗ್ ಭಾಷೆ) ಕಲಿಸುತ್ತಿದ್ದೇನೆ. ಪೂರ್ತಿ ಕಣ್ಣು ಕಾಣದ ಹುಡುಗಿಯೊಬ್ಬಳು ಲೆಕ್ಕದಲ್ಲಿ ಬಲು ಚುರುಕು, ಕಂಪ್ಯೂಟರ್ ಪಿರಿಯಡ್‌ನಲ್ಲಿ ಮಾತ್ರ ಸುಮ್ಮನೆ ಕೂರುತ್ತಾಳೆ. ಏನು ಮಾಡಲಿ?
– ಪ್ರೌಢಶಾಲಾ ಶಿಕ್ಷಕರು, ಜಮಖಂಡಿ

ಉತ್ತರ: ತೊಡಕಿರುವುದು ಸ್ಕ್ರ್ಯಾಚ್‌ನಲ್ಲಿ, ಹುಡುಗಿಯಲ್ಲಲ್ಲ. ಅದರ ಬ್ಲಾಕ್‌ಗಳನ್ನು ಮೌಸ್‌ನಿಂದ ಎಳೆದು ಕೂಡಿಸಬೇಕು. ಪರದೆ ಓದಿ ಹೇಳುವ ತಂತ್ರಾಂಶಕ್ಕೆ ಅವು ಸರಿಯಾಗಿ ಸಿಗುವುದಿಲ್ಲ. ಅವಳಿಗೆ ಬೇಕಿರುವುದು ಟೈಪ್ ಮಾಡಿ ಬರೆಯುವ ಭಾಷೆ. ಪೈಥಾನ್ ಆಗುತ್ತದೆ. ವಿಂಡೋಸ್ ಕಂಪ್ಯೂಟರಿಗೆ ಎನ್‌ವಿಡಿಎ ಎಂಬ ಪರದೆ ಓದುವ ತಂತ್ರಾಂಶ ಹಾಕಿ. ಅದು ಉಚಿತ, ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ, ಅದರಲ್ಲಿರುವ ಇ-ಸ್ಪೀಕ್ ಧ್ವನಿ ಕನ್ನಡವನ್ನೂ ಓದುತ್ತದೆ.

ಎರಡು ಸೆಟ್ಟಿಂಗ್ ಬದಲಿಸದಿದ್ದರೆ ಮೊದಲ ದಿನವೇ ಎಡವಟ್ಟಾಗುತ್ತದೆ. ಇನ್ಸರ್ಟ್ ಕೀ ಹಿಡಿದು ‘ಪಿ’ ಒತ್ತುತ್ತ ಚಿಹ್ನೆಗಳ ಮಟ್ಟವನ್ನು ‘ಆಲ್’ಗೆ ತನ್ನಿ, ಇಲ್ಲವಾದರೆ ಕೋಲನ್, ಆವರಣ ಚಿಹ್ನೆ ಬಿಟ್ಟುಹೋದದ್ದು ಕಿವಿಗೆ ಬೀಳುವುದಿಲ್ಲ. ಪೈಥಾನ್‌ನಲ್ಲಿ ಸಾಲು ಎಷ್ಟು ಒಳಸರಿದಿದೆ ಎಂಬುದಕ್ಕೂ ಅರ್ಥವಿದೆ. ಡಾಕ್ಯುಮೆಂಟ್ ಫಾರ್ಮ್ಯಾಟಿಂಗ್‌ಗೆ ಹೋಗಿ ಇಂಡೆಂಟೇಶನ್ ತಿಳಿಸುವ ಆಯ್ಕೆಯನ್ನು ‘ಟೋನ್ಸ್’ಗೆ ಇಡಿ. ಸಾಲು ಒಳಗೆ ಸರಿದಷ್ಟೂ ಸ್ವರ ಏರುತ್ತದೆ.

ಪೈಥಾನ್ ಜೊತೆ ಬರುವ, ಕೋಡ್ ಬರೆಯುವ ತಂತ್ರಾಂಶ ಐಡಲ್ ಅವಳಿಗೆ ಬೇಡ, ಅಲ್ಲಿ ಎನ್‌ವಿಡಿಎ ಹೆಚ್ಚುಕಡಿಮೆ ಮೂಕ. ನೋಟ್‌ಪ್ಯಾಡ್‌ನಲ್ಲಿ ಬರೆದು ಕಮಾಂಡ್ ಪ್ರಾಂಪ್ಟ್‌ನಿಂದ (ಆಜ್ಞೆ ಟೈಪ್ ಮಾಡುವ ಕಪ್ಪು ಪರದೆ) ಓಡಿಸಲಿ. ಉಳಿಸುವಾಗ ‘ಆಲ್ ಫೈಲ್ಸ್’ ಆರಿಸದಿದ್ದರೆ ಹೆಸರಿನ ಬಾಲಕ್ಕೆ ‘ಟಿಎಕ್ಸ್‌ಟಿ’ ಅಂಟಿಕೊಂಡು, ಫೈಲೇ ಸಿಗಲಿಲ್ಲ ಎಂಬ ತಪ್ಪು ಬರುತ್ತದೆ. ಇಯರ್‌ಫೋನ್ ಒಂದೇ ಕಿವಿಗಿರಲಿ, ಇನ್ನೊಂದು ನಿಮ್ಮ ಮಾತಿಗೆ. ಜೋಡಿಯಲ್ಲಿ ಕೂರಿಸಿದರೆ 10 ನಿಮಿಷಕ್ಕೊಮ್ಮೆ ಕೀಬೋರ್ಡ್ ಕೈ ಬದಲಾಗಬೇಕು. ‘ನಾನೇ ಮಾಡಿಕೊಡ್ತೀನಿ’ ಎನ್ನುವ ಗೆಳತಿಯನ್ನು ಮೊದಲೇ ತಡೆಯಿರಿ.

ಪ್ರಶ್ನೆ: ಬಿ.ಎಡ್. ಓದುತ್ತಿದ್ದೇನೆ, ಕೋಡಿಂಗ್ ಗೊತ್ತಿಲ್ಲ. ಪ್ರಾಕ್ಟೀಸ್ ಟೀಚಿಂಗ್‌ಗೆ ಹೋಗುವ ಶಾಲೆಯಲ್ಲಿ ಕಂಪ್ಯೂಟರ್ ಕೂಡ ಇಲ್ಲ. ಪಾಠ ಮಾಡಬಹುದೇ?
– ವಿದ್ಯಾರ್ಥಿನಿ, ವಿಜಯಪುರ

ಉತ್ತರ: ಧಾರಾಳವಾಗಿ. ಇಳಕಲ್ ಸೀರೆಯ ಮೇಲಿನ ಕಸೂತಿ ನೋಡಿದ್ದರೆ ಅರ್ಧ ಪಾಠ ನಿಮಗೆ ಬಂದಂತೆ. ಮುರಗಿ ಹೊಲಿಗೆ ಮೆಟ್ಟಿಲಿನಂತೆ ಏರುತ್ತದೆ: ಒಂದು ಮನೆ ಬಲಕ್ಕೆ, ಒಂದು ಮನೆ ಮೇಲಕ್ಕೆ. ಒಂದು ಸೆಂಟಿಮೀಟರ್ ಚೌಕದ ಹಾಳೆಯಲ್ಲಿ ನಾಲ್ಕು ಮೆಟ್ಟಿಲು ಬರೆದು ತೋರಿಸಿ. ಒಂದು ಮಗು ಆಜ್ಞೆ ಬರೆಯಲಿ, ಇನ್ನೊಂದು ಅದನ್ನು ಅಕ್ಷರಶಃ ಪಾಲಿಸಿ ಗೆರೆ ಎಳೆಯಲಿ. ಮೊದಲು ಎಂಟು ಸಾಲು ಬರೆಯುತ್ತಾರೆ. ‘ಮೂರೇ ಸಾಲಿನಲ್ಲಿ ಬರೆಯಿರಿ’ ಎಂದಾಗ ‘ಇವೆರಡನ್ನು ನಾಲ್ಕು ಸಲ ಮಾಡು’ ಎಂಬ ಸಾಲು ತಾನಾಗಿ ಹುಟ್ಟುತ್ತದೆ, ಅದೇ ಲೂಪ್. ‘ಎಂಟು ಸಲ’ ಎಂದು ಬರೆಯುವವರು ಇದ್ದೇ ಇರುತ್ತಾರೆ, ಹೊಲಿಗೆ ಎಣಿಸಿರುತ್ತಾರೆ, ಮೆಟ್ಟಿಲನ್ನಲ್ಲ. ತಿದ್ದಬೇಡಿ, ಆಜ್ಞೆ ನಡೆಸಿ ನೋಡಲು ಬಿಡಿ, ಗೆರೆ ನಾಲ್ಕು ಮೆಟ್ಟಿಲು ದಾಟಿ ಹೋದಾಗ ಅವರಿಗೇ ತಿಳಿಯುತ್ತದೆ.

ಕಣ್ಣು ಕಾಣದ ಮಗುವಿಗೆ ದಪ್ಪ ಮ್ಯಾಟಿ ಬಟ್ಟೆ, ಉಲ್ಲನ್ ದಾರ, ಮೊಂಡು ಸೂಜಿ ಕೊಡಿ, ಬೆರಳಿಗೆ ಮೆಟ್ಟಿಲು ಸಿಗುತ್ತದೆ. ಕಿವಿ ಕೇಳದವರಿಗೆ ಆಜ್ಞೆ ಚೀಟಿಯಲ್ಲಿರಲಿ. ಬೋರ್ಡಿನ ಕಡೆ ತಿರುಗಿಕೊಂಡು ಮಾತನಾಡಬೇಡಿ. ಜೋಡಿಗಳು ಎದುರುಬದುರು ಕೂತರೆ ಒಬ್ಬರ ಬಲ ಇನ್ನೊಬ್ಬರ ಎಡವಾಗಿ ಗದ್ದಲವೇಳುತ್ತದೆ, ಆದ್ದರಿಂದ ಪಕ್ಕಪಕ್ಕ ಕೂರಿಸಿ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಕೋಡಿಂಗನ್ನು ಮಾಧ್ಯಮಿಕ ಹಂತದಲ್ಲೇ, ಅಂದರೆ 6ರಿಂದ 8ನೇ ತರಗತಿಯಲ್ಲಿ, ತರಲು ಹೇಳಿದೆ. ನೀವು ಕೆಲಸಕ್ಕೆ ಸೇರುವ ಹೊತ್ತಿಗೆ ಇದು ನಿಮ್ಮ ಪಾಲಿಗೆ ಬರಬಹುದು. ಪೈಥಾನ್ ಆಮೇಲೆ ಕಲಿಯಿರಿ, ಮಕ್ಕಳ ತಪ್ಪು ಎಲ್ಲಿ ಹುಟ್ಟುತ್ತದೆ ಎಂದು ಹುಡುಕುವ ಅಭ್ಯಾಸ ಈ ಹಾಳೆಯಲ್ಲೇ ಶುರುವಾಗಲಿ.

ಪ್ರಶ್ನೆ: ಮಕ್ಕಳಿಗೆ ಇಂಗ್ಲಿಷ್ ಎಂದರೆ ಅಂಜಿಕೆ. ಕನ್ನಡದಲ್ಲಿ ಕೋಡ್ ಬರೆಯಬಹುದೇ?
– ಶಿಕ್ಷಕಿ, ಖಾನಾಪುರ

ಉತ್ತರ: ಅರ್ಧದಷ್ಟು. ಇಫ್, ಫಾರ್, ವೈಲ್ ಇಂಗ್ಲಿಷಿನಲ್ಲೇ ಇರಬೇಕು. ಹತ್ತು ಪದ ಗೊತ್ತಿದ್ದರೆ ಪ್ರೌಢಶಾಲೆಗೆ ಸಾಕು. ಆದರೆ ಪೈಥಾನ್ 3ರಲ್ಲಿ ವೇರಿಯಬಲ್, ಅಂದರೆ ಬೆಲೆಯನ್ನು ಇಟ್ಟುಕೊಳ್ಳುವ ಡಬ್ಬಿಯ ಹೆಸರು ಕನ್ನಡದ್ದಾಗಬಹುದು: ‘ಬೆಲೆ = 40’ ಎಂದರೆ ನಡೆಯುತ್ತದೆ. ಮರಾಠಿ ಮನೆಮಾತಿನ ಮಕ್ಕಳು ದೇವನಾಗರಿಯಲ್ಲೂ ಬರೆಯಲಿ. ಫೈಲನ್ನು ಎಲ್ಲ ಲಿಪಿಗಳನ್ನೂ ಹಿಡಿಯುವ ಯುಟಿಎಫ್-8 ಎಂಬ ಅಕ್ಷರ ಸಂಕೇತದಲ್ಲಿ ಉಳಿಸಿ. ಕಪ್ಪು ಪರದೆಯಲ್ಲಿ ಕನ್ನಡ ಚೌಕಗಳಾಗಿ ಕಂಡರೆ ಅದು ಫಾಂಟಿನ ದೋಷ, ಕೋಡಿನದಲ್ಲ. ‘ಬಸ್‌ದರ’ದಂಥ ಹೆಸರು ಮಾತ್ರ ಬೇಡ: ‘ಸ್’ ಅನ್ನು ‘ದ’ದಿಂದ ಬಿಡಿಸಲು ಕೀಬೋರ್ಡ್ ನಡುವೆ ಕಾಣದ ಅಕ್ಷರವೊಂದನ್ನು ಸೇರಿಸುತ್ತದೆ, ಪೈಥಾನ್ ಅದನ್ನು ಒಪ್ಪುವುದಿಲ್ಲ. ‘ಬಸ್_ದರ’ ಎಂದು ಅಡಿಗೆರೆ ಹಾಕಿ.